ಮಲಗಿದ್ದವನ ಜುಲೈ

ಉಗುರು ಇಷ್ಟು ಬೆಳ್ಳಗಿರುತ್ತದೆಂದು ಗೊತ್ತೇ ಇರಲಿಲ್ಲ, ಚಿಕ್ಕವನಿದ್ದಾಗ ಮಣ್ಣು, ದೊಡ್ಡವನಾದ ಮೇಲೆ ಗ್ರೀಸು, ನಲವತ್ತೊಂದು ವರ್ಷದಲ್ಲಿ ನನ್ನ ತಮ್ಮನ ತೋರುಬೆರಳನ್ನು ಸರಿಯಾಗಿ ತೊಳೆದದ್ದು ಈ ಆಸ್ಪತ್ರೆಯೊಂದೇ — ಆ ಬೆರಳು ಈಗ ನನ್ನ ಅಕ್ಷರದ ಕೆಳಗೆ ಮೆಲ್ಲಗೆ ಹೋಗುತ್ತಿದೆ, ಒಂದು ಪದ, ಉಸಿರು, ಇನ್ನೊಂದು ಪದ, ಉಸಿರು, ಓದು ಕಲಿತ ಮೊದಲ ವರ್ಷ ಹೀಗೇ ಓದುತ್ತಿದ್ದ, ಆಗಲೂ ನಾನು ಪಕ್ಕದಲ್ಲಿ ಕೂತು ತಪ್ಪಿಗೆ ಕಾಯುತ್ತಿದ್ದೆ, ಆಗ ಇಟ್ಟ ಹೆಸರು ತಪ್ಪಕ್ಕ, ಇವತ್ತಿಗೂ ಅದೇ. ಯಾರು ಕೊಟ್ಟರು ಇವನ ಕೈಗೆ. ನಾಲ್ಕು ಗಂಟೆಗೆ ಪರದೆ ಸರಿಸಿ ಒಳಗೆ ಬಂದರೆ ಇವನ ಮಡಿಲಲ್ಲಿ ನೀಲಿ ರಟ್ಟಿನ ನೋಟ್‌ಬುಕ್ಕು, ಸದ್ದಿಲ್ಲದ ನರ್ಸು — ಆಕೆಯ ಚಪ್ಪಲಿಗೆ ಸದ್ದಿಲ್ಲ, ಬಾಯಿಗಿದೆ — ನಗುತ್ತಾ ಹೇಳಿದಳು, ಅವ್ರೇ ಕೇಳಿದ್ರು ಮೇಡಂ, ನಾಳೆ ಹೇಗೂ ವಾರ್ಡಿಗೆ ಕಳಿಸ್ತೀವಲ್ಲ, ಓದ್ಲಿ ಅಂತ ಕೊಟ್ಟೆ. ಓದಲಿ. ಅದಕ್ಕೇ ತಾನೇ ಬರೆದದ್ದು. ಇಪ್ಪತ್ತೆಂಟು ದಿನ ಬರೆದೆ, ಮೊದಲ ಎಂಟು ದಿನದ್ದು ಪೂರಾ ನಿಜ, ಉಳಿದ ಇಪ್ಪತ್ತರಲ್ಲಿ ಜಗತ್ತಿನ ಸುದ್ದಿ ನಿಜ, ನಮ್ಮ ಮನೆಯ ಸುದ್ದಿ ಸುಳ್ಳು, ಅದು ಇವನಿಗೆ ಗೊತ್ತಿಲ್ಲ, ಅಮ್ಮ ಇಲ್ಲವೆಂದು ಇವನಿಗೆ ಗೊತ್ತಿಲ್ಲ. ಇವತ್ತು ಆಗಸ್ಟ್ ಆರು, ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು, ಐದಕ್ಕೆ ನಮ್ಮನ್ನು ಹೊರಗೆ ಕಳಿಸುತ್ತಾರೆ.

ಪುಸ್ತಕ ಇಡುವುದು ಈ ಐಸಿಯುವಿನ ಪದ್ಧತಿ. ಇವನಿಗೆ ಗಂಟಲಲ್ಲಿ ಕೊಳವೆ ಹಾಕಿ ಮಲಗಿಸಿದ್ದು ಜುಲೈ ಒಂದು, ಭಾನುವಾರ, ಮಾರನೆಯ ದಿನ ನರ್ಸು ಈ ನೀಲಿ ಪುಸ್ತಕ ತಂದು ನನ್ನ ಕೈಗಿಟ್ಟಳು, ನಿದ್ದೆ ಮಾಡಿಸಿರೋರಿಗೆ ಇಲ್ಲಿ ಒಂದೊಂದು ಬುಕ್ ಇಡ್ತೀವಿ ಮೇಡಂ, ನೋಡೋಕೆ ಬಂದೋರು ದಿನಾ ನಾಲ್ಕು ಸಾಲು ಬರೀಬೇಕು, ನಾವೂ ಬರೀತೀವಿ, ಎದ್ದ ಮೇಲೆ ಆ ದಿನಗಳೆಲ್ಲ ಎಲ್ಲಿ ಹೋದ್ವು ಅಂತ ಅವ್ರಿಗೆ ಗೊತ್ತಾಗಲ್ಲ, ಏನೇನೋ ಕನಸು ಕಂಡಿರ್ತಾರೆ, ಯಾರೋ ಕಟ್ಟಿಹಾಕಿದ್ರು, ಹಡಗಲ್ಲಿ ಎಳ್ಕೊಂಡು ಹೋದ್ರು ಅಂತೆಲ್ಲ, ಇದನ್ನ ಓದಿದ್ರೆ ಸಮಾಧಾನ ಆಗುತ್ತೆ. ಏನ್ ಬರೀಲಿ ಅಂದೆ. ಮನೇಲಿ ಏನಾಯ್ತು, ಅದೇ. ಮನೆಯಲ್ಲಿ ಏನಾಗುತ್ತದೆ, ಮೂರೇ ಜನ ಇದ್ದವರು, ಒಬ್ಬ ಇಲ್ಲಿ ಬಿದ್ದಿದ್ದಾನೆ, ಇಬ್ಬರು ಹೆಂಗಸರು ಫೋನು ಹೊಡೆದುಕೊಂಡೀತು ಎಂದು ಅದನ್ನೇ ನೋಡುತ್ತಾ ಕೂತಿರುತ್ತೇವೆ, ಒಮ್ಮೆ ಹಾಲು ಉಕ್ಕಿತು, ಅಷ್ಟೆ. ಅದಕ್ಕೇ ನನಗೆ ಗೊತ್ತಿರುವ ಕೆಲಸ ಮಾಡಿದೆ. ಇಪ್ಪತ್ತಾರು ವರ್ಷದಿಂದ ಮಾಸಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತೇನೆ, ಪರೀಕ್ಷೆಗೆ ಓದುವವರು ಕೊಳ್ಳುವ ಪತ್ರಿಕೆ, ಕೊನೆಯ ಎರಡು ಪುಟ ‘ಕಳೆದ ತಿಂಗಳು’, ಒಂದನೇ ತಾರೀಖಿನಿಂದ ಮೂವತ್ತೊಂದರವರೆಗೆ ಜಗತ್ತಿನಲ್ಲಿ ಆದದ್ದು, ತಾರೀಖಿಗೊಂದೊಂದು ಸಾಲು, ಎಲ್ಲೋ ಒಬ್ಬ ಹುಡುಗಿ ನನ್ನ ಸಾಲನ್ನು ಬಾಯಿಪಾಠ ಮಾಡಿ ಕೆಲಸ ಹಿಡಿಯುತ್ತಾಳೆ, ತಾರೀಖು ತಪ್ಪಬಾರದು, ತಪ್ಪಿಲ್ಲ, ಇಪ್ಪತ್ತಾರು ವರ್ಷ ಒಂದೇ ಒಂದು ತಾರೀಖು ತಪ್ಪಿಲ್ಲ. ಈಗಲೂ ಚೀಲದಲ್ಲಿ ಜುಲೈ ಪುಟದ ಕೊನೆಯ ಕರಡಿದೆ, ನಾಳೆ ಬೆಳಿಗ್ಗೆ ಒಪ್ಪಿಸಬೇಕು. ಅಂಥವಳು ಬರೆದ ಪುಸ್ತಕದಲ್ಲಿ ಸತ್ತವಳು ಇಪ್ಪತ್ತು ದಿನ ಮಾತಾಡಿದ್ದಾಳೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಬೆರಳು ಎರಡನೇ ತಾರೀಖಿನಲ್ಲಿದೆ. ಥಾಯ್ಲೆಂಡಿನ ಗುಹೆಯಲ್ಲಿ ಕಳೆದುಹೋಗಿದ್ದ ಹನ್ನೆರಡು ಹುಡುಗರು, ಅವರ ಫುಟ್‌ಬಾಲ್ ಮಾಸ್ಟರು, ಒಂಬತ್ತು ದಿನದ ಮೇಲೆ ಜೀವಂತ ಸಿಕ್ಕಿದರು, ಹೊರಗೆ ತರುವುದು ಹೇಗೆಂದು ಗೊತ್ತಿಲ್ಲ, ನೀರು ತುಂಬಿದೆ. ಕೆಳಗೆ ಅಮ್ಮನ ಮಾತು. ಅಮ್ಮನಿಗೆ ಮೊಣಕಾಲು ನೋವು, ಆಸ್ಪತ್ರೆಯ ಮೆಟ್ಟಿಲು ಆಗದು, ಅದಕ್ಕೆ ಬೆಳಿಗ್ಗೆ ಟೀ ಕುಡಿಯುತ್ತಾ ಹೇಳುತ್ತಿದ್ದಳು, ನಾನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು ಇಲ್ಲಿ ಇಳಿಸುತ್ತಿದ್ದೆ, ಒಂದಕ್ಷರ ತಿದ್ದದೆ — ಸಿಕ್ಕಿದ್ವಲ್ಲ, ಸಾಕು, ಪಾಪ ಹಸ್ಕೊಂಡಿರ್ತವೆ, ಒಂದೇ ಸಲಕ್ಕೆ ತುರುಕಬೇಡಿ ಅಂತ ಯಾರಾದ್ರೂ ಹೇಳಿ ಅವ್ರಿಗೆ, ಮತ್ತೆ ನೀನು ಕೇಳಿಲ್ಲಿ, ಆ ಮಂಚ ಏನ್ ನಿಮ್ಮಪ್ಪ ಮಾಡಿಸಿಟ್ಟಿದ್ದಾ, ಸಾಕು ಏಳೋ. ಇವನ ತುಟಿಯ ಒಂದು ಕೊನೆ ಮೇಲೆ ಹೋಯಿತು. ನಗುವಿಗೂ ಉಸಿರು ಬೇಕು, ಇವನ ಹತ್ತಿರ ಅಷ್ಟು ಇಲ್ಲ, ಉಳಿಸಿ ಉಳಿಸಿ ನಗುತ್ತಾನೆ. ಕತ್ತಿನ ಮುಂದೆ ಕೊಳವೆ ಇದ್ದ ಜಾಗಕ್ಕೆ ಹತ್ತಿ ಅಂಟಿಸಿದ್ದಾರೆ, ಮಾತಾಡಬೇಕಾದರೆ ಬೆರಳಿನಿಂದ ಅದನ್ನು ಒತ್ತಿ ಹಿಡಿಯಬೇಕು, ಬೆರಳು ತೆಗೆದರೆ ಮಾತು ಗಾಳಿ. ಹಾಗಾಗಿ ಓದುವಾಗ ಮಾತಿಲ್ಲ, ಮಾತಾಡುವಾಗ ಓದಿಲ್ಲ, ನನಗೆ ಅದೇ ಒಳ್ಳೆಯದು, ಓದುತ್ತಿರಲಿ.

ಐದನೇ ತಾರೀಖು. ಮಾಸ್ಟರು ತನ್ನ ಪಾಲಿನ ತಿಂಡಿಯನ್ನೂ ಮಕ್ಕಳಿಗೇ ಕೊಟ್ಟನಂತೆ ಎಂದು ಪೇಪರಿನಲ್ಲಿ ಬಂದಿತ್ತು — ಆ ಮಾಸ್ಟರಿಗೆ ಯಾರೂ ಬೈಬಾರ್ದು ಅಂತ ಬರಿ, ಬೈಯೋದಿದ್ರೆ ನಮ್ಮೋನಿಗೆ ಬೈಲಿ, ನೀರಲ್ಲಿ ಎರಡು ದಿನ ನಿಂತ್ಕೊಂಡು ಬರೀ ನೆಗಡಿ ಅಮ್ಮ ಅಂದ, ಕತ್ತೆಗೆ ವಯಸ್ಸಾದ ಹಾಗೆ ವಯಸ್ಸಾಯ್ತು, ಬುದ್ಧಿ ಬರ್ಲಿಲ್ಲ. ಬರೀ ನೆಗಡಿ ಅಕ್ಕ, ನನಗೂ ಹಾಗೇ ಹೇಳಿದ್ದ, ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯಲ್ಲಿ ನೀರು ತುಂಬಿತ್ತು, ಮೊಣಕಾಲುದ್ದ ನೀರಿನಲ್ಲಿ ನಿಂತು ರಿಪೇರಿ ಮಾಡಿದ, ಮೂರನೇ ದಿನಕ್ಕೆ ಶ್ವಾಸಕೋಶವೇ ಗುಂಡಿಯಾಯಿತು. ಇವನ ಕೆಲಸದ ಬಗ್ಗೆ ಅಮ್ಮನಿಗೆ ಹೆಮ್ಮೆ, ತೋರಿಸುತ್ತಿರಲಿಲ್ಲ. ಲಿಫ್ಟ್ ನಿಂತು ಒಳಗೆ ಜನ ಸಿಕ್ಕಿಕೊಂಡರೆ ಇವನಿಗೇ ಫೋನು, ಬಾಗಿಲು ತೆಗೆಯುವುದು ಯಾರಿಗೂ ಬರುತ್ತದೆ, ತೆಗೆಯುವವರೆಗೆ ಒಳಗಿನವರ ಜೊತೆ ಮಾತಾಡುವುದು ಇವನಿಗೇ ಬರುವುದು. ಒಂದು ಸಲ ಏನಪ್ಪ ಅಷ್ಟು ಹೊತ್ತು ಮಾತಾಡ್ತೀಯ ಅಂದೆ, ಹೊರಗೆ ಏನ್ ಕಾಣ್ತಿದೆ ಅದನ್ನೇ ಹೇಳ್ತಾ ಇರ್ತೀನಿ ಅಕ್ಕ, ಹಳದಿ ಶರ್ಟಿನೋರು ಬಂದ್ರು, ಯಾರೋ ಕಾಫಿ ತಂದ್ರು, ನಿಮ್ಮ ಪಾಲೂ ಇಟ್ಟಿದಾರೆ ಅಂತ, ಆದ್ರೆ ಸುಳ್ಳು ಮಾತ್ರ ಹೇಳ್ಬಾರ್ದು, ಐದೇ ನಿಮಿಷ ಅಂದು ಅರ್ಧ ಗಂಟೆ ಆಯ್ತೋ, ಆಮೇಲೆ ನಮ್ಮ ದನೀನೇ ನಂಬಲ್ಲ. ಸುಳ್ಳು ಮಾತ್ರ ಹೇಳಬಾರದು. ಹೇಳಿದೆನಲ್ಲೋ.

ಆರನೇ ತಾರೀಖನ್ನು ಬೆರಳು ನಿಧಾನವಾಗಿ ದಾಟುತ್ತಿದೆ, ಗುಹೆಯೊಳಗೆ ಗಾಳಿಯ ಸಿಲಿಂಡರ್ ಇಟ್ಟು ಬರಲು ಹೋಗಿದ್ದ ಮುಳುಗುಗಾರನೊಬ್ಬ ವಾಪಸಾಗುವಾಗ ಉಸಿರು ಕಟ್ಟಿ ಸತ್ತ, ಅದರ ಕೆಳಗೆ ಅಮ್ಮನ ಮಾತು ಎರಡೇ — ಅವನಿಗೂ ಅಮ್ಮ ಇರ್ತಾಳೆ, ಏಳೋ ನೀನು. ಎಂಟನೇ ತಾರೀಖು ನಾಲ್ವರು ಹೊರಗೆ, ಅಮ್ಮನಿಗೆ ಹಬ್ಬ, ಟೀವಿಯ ಮುಂದಿನಿಂದ ಏಳಲೇ ಇಲ್ಲ — ನಮ್ಮೋನಿದ್ದಿದ್ರೆ ಆ ಗುಹೆಗೊಂದು ಲಿಫ್ಟ್ ಹಾಕಿ ಅಷ್ಟೂ ಮಕ್ಕಳನ್ನ ಅರ್ಧ ಗಂಟೇಲಿ ಹತ್ತಿಸ್ತಿದ್ದ, ಹತ್ತಿಸ್ತಾನೆ ಹತ್ತಿಸ್ತಾನೆ, ಅಡುಗೆಮನೆ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ತಿದೆ, ಅದನ್ನ ನೋಡೋಕೆ ಟೈಮಿಲ್ಲ ದೊಡ್ಡ ಮನುಷ್ಯಂಗೆ. ಒಂಬತ್ತು, ಮತ್ತೆ ನಾಲ್ವರು, ಒಟ್ಟು ಎಂಟು, ಅದೇ ದಿನ ಇಥಿಯೋಪಿಯಾ ಎರಿಟ್ರಿಯಾ ಕೈಕುಲುಕಿದವು, ಇಪ್ಪತ್ತು ವರ್ಷದ ಜಗಳ ಮುಗಿಯಿತು, ಕಡಿದುಹೋಗಿದ್ದ ಫೋನಿನ ತಂತಿ ಮತ್ತೆ ಕೂಡಿತು — ಇಪ್ಪತ್ತು ವರ್ಷ ಆದ್ಮೇಲೆ ಫೋನ್ ಮಾಡಿದ್ರೆ ಮೊದಲು ಏನ್ ಕೇಳ್ತಾರೆ ಹೇಳು, ಊಟ ಆಯ್ತಾ ಅಂತ, ಇನ್ನೇನ್ ಕೇಳ್ತಾರೆ, ನಮ್ಮೋನು ಒಂದು ತಿಂಗಳು ಮನೇಲಿ ಮಾತಾಡದೆ ಇದ್ರೂ ಅದನ್ನೂ ಕೇಳಲ್ಲ, ಮೂಗ ಮುದೇವಿ. ಬೆರಳು ಆ ಮುದೇವಿಯ ಮೇಲೆ ನಿಂತಿತು, ಕಣ್ಣಂಚು ಒದ್ದೆಯೋ ಇಲ್ಲ ದೀಪದ ಬೆಳಕೋ, ಈಗ ತಿರುವುತ್ತಾನೆ, ತಿರುವಿದರೆ ಹತ್ತು, ನನ್ನ ಕೈ ಸ್ಟೂಲಿನ ಅಂಚನ್ನು ಹಿಡಿದಿದೆ. ತಿರುವಿದ.

ಹತ್ತು, ಮಂಗಳವಾರ. ಹದಿಮೂರೂ ಜನ ಹೊರಗೆ ಬಂದರು. ಅಮ್ಮ ಚಪ್ಪಾಳೆ ತಟ್ಟಿದಳು. ಎರಡೇ ಸಾಲು, ಬರೆದದ್ದು ಹನ್ನೊಂದನೇ ತಾರೀಖಿನ ಸಂಜೆ, ಅಮ್ಮನನ್ನು ಕಳಿಸಿಕೊಟ್ಟು ಸ್ನಾನ ಮಾಡಿ ನೇರ ಇಲ್ಲಿಗೆ ಬಂದೆ, ಕೂದಲು ಇನ್ನೂ ಒದ್ದೆ, ಇವನು ಯಂತ್ರದ ಉಸಿರಿನಲ್ಲಿ ಮಲಗಿದ್ದ, ಏನನ್ನು ಬರೆಯಲಿ, ನೀನು ಎದ್ದರೆ ಎಂದೋ ಓದುತ್ತೀಯ, ಏಳದಿದ್ದರೆ ಯಾರೂ ಓದುವುದಿಲ್ಲ, ಎದ್ದವನು ಮೊದಲು ಓದುವುದು ಇದನ್ನಾ — ಪೆನ್ನು ತಾನಾಗಿ ಚಪ್ಪಾಳೆ ತಟ್ಟಿತು. ಒಂದು ಸುಳ್ಳು ನಿಲ್ಲಬೇಕಾದರೆ ಅದಕ್ಕೆ ಊರುಗೋಲು ಬೇಕು, ಹನ್ನೊಂದಕ್ಕೆ ಇನ್ನೊಂದು ಬರೆದೆ. ಫೋನು ಕೂಡಿದ ಆ ಎರಡು ದೇಶದವರು ಗುರುತು ಪರಿಚಯ ಇಲ್ಲದ ನಂಬರಿಗೆಲ್ಲ ಫೋನು ಮಾಡಿ ಹೇಗಿದ್ದೀರಿ ಎಂದು ಕೇಳುತ್ತಿದ್ದರಂತೆ, ಕೆಳಗೆ ಅಮ್ಮ — ಇನ್ಮೇಲೆ ನಮ್ಮನೆಗೆ ರಾಂಗ್ ನಂಬರ್ ಬಂದ್ರೆ ಇಟ್ಬಿಡಬಾರ್ದು, ಎರಡು ಮಾತಾಡ್ಬೇಕು. ಚೆನ್ನಾಗಿತ್ತು. ಅಮ್ಮನೇ ಹೇಳಿದ ಹಾಗಿತ್ತು. ಮಾರನೆಯ ದಿನ ಬಂದರೆ ನರ್ಸು, ನಿಮ್ಮ ತಾಯಿ ಮಾತು ಓದಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು ಮೇಡಂ, ನಾಳೆ ಏನ್ ಹೇಳ್ತಾರೋ ಅಂತ ಕಾಯ್ತಿದೀವಿ. ಕಾಯುತ್ತಿದ್ದಾರೆ. ನಾನೂ ಕಾಯತೊಡಗಿದೆ, ಯಾಕೆ ಸುಳ್ಳು ಹೇಳಲಿ, ಬಸ್ಸಿನಲ್ಲಿ ಬರುವಾಗ ಸುದ್ದಿ ಓದಿ ಇದಕ್ಕೆ ಅಮ್ಮ ಏನನ್ನುತ್ತಿದ್ದಳು ಎಂದು ಯೋಚಿಸುತ್ತಿದ್ದೆ, ಒಳಗೆಲ್ಲೋ ಅವಳ ದನಿ ಬರುತ್ತಿತ್ತು, ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ, ಮನೆಗೆ ಹೋಗಿ ಬೀಗ ತೆಗೆದರೆ ದನಿ ಇಲ್ಲ. ದಿನಕ್ಕೆ ನಾಲ್ಕು ಸಾಲು ಅಮ್ಮ ಸಿಗುತ್ತಿದ್ದಳು, ಅದನ್ನು ನಾನು ಯಾಕೆ ಬಿಡಲಿ.

ಆದರೆ ಹದಿನಾಲ್ಕನೇ ತಾರೀಖು ನನ್ನ ಕಪಾಳಕ್ಕೆ ಹೊಡೆಯಿತು. ಆಸ್ಪತ್ರೆಯಲ್ಲಿದ್ದ ಆ ಹುಡುಗರಿಗೆ ಮುಳುಗುಗಾರ ಸತ್ತ ಸಂಗತಿ ಅಲ್ಲಿಯವರೆಗೂ ಹೇಳಿರಲಿಲ್ಲವಂತೆ, ಮನಸ್ಸು ಗಟ್ಟಿಯಾಗಲೆಂದು ಡಾಕ್ಟರು ಕಾದರಂತೆ, ಅವತ್ತು ಹೇಳಿದರು, ಮಕ್ಕಳು ಅತ್ತವು, ಆಮೇಲೆ ಅವನ ಚಿತ್ರದ ಸುತ್ತ ಒಬ್ಬೊಬ್ಬರೂ ಎರಡೆರಡು ಮಾತು ಬರೆದವು. ಹನ್ನೊಂದು ವರ್ಷದ ಮಗುವೂ ಇತ್ತು ಅವರಲ್ಲಿ. ಈ ಸಾಲನ್ನು ಆಫೀಸಿನಲ್ಲಿ ತಿದ್ದುವಾಗ ನನ್ನ ಕನ್ನಡಕ ಮಂಜಾಗಿ ಪಕ್ಕದ ಮೇಜಿನ ಪುಟಕಟ್ಟುವವನು ಏನ್ ಮೇಡಂ, ತಾರೀಖು ತಪ್ಪಿದ್ಯಾ ಅಂದ. ಇಲ್ಲಪ್ಪ, ತಾರೀಖು ಸರಿಯಾಗಿದೆ, ತಪ್ಪಿರುವವಳು ನಾನು. ಈ ಸಾಲನ್ನು ನೀಲಿ ಪುಸ್ತಕಕ್ಕೆ ಇಳಿಸಲೋ ಬೇಡವೋ ಎಂದು ಅರ್ಧ ಗಂಟೆ ಕೂತು ಕೊನೆಗೆ ಇಳಿಸಿದೆ, ಕೆಳಗೆ ಅಮ್ಮನಿಗೆ ಮಾತು ಕೊಡಲಿಲ್ಲ, ಅವತ್ತು ಅಮ್ಮನಿಗೆ ರಜ. ಇಪ್ಪತ್ತೊಂಬತ್ತಕ್ಕೆ ಇವನು ಕಣ್ಣುಬಿಟ್ಟ ಮೇಲೆ ದೊಡ್ಡ ಡಾಕ್ಟರಿಗೆ ಹೇಳಿದೆ, ಅವರು ಹುಬ್ಬು ಗಂಟಿಕ್ಕಿ, ಒಂದು ವಾರ ಬೇಡ, ಆಮೇಲೆ ನೀವೇ ಹೇಳ್ಬೇಕಮ್ಮ, ನಾವು ಹೇಳೋ ಮಾತಲ್ಲ ಅದು. ವಾರ ನಿನ್ನೆಗೆ ಮುಗಿಯಿತು. ನಾಳೆ ವಾರ್ಡು, ಯಾರು ಬೇಕಾದರೂ ಬರಬಹುದು, ಎದುರುಮನೆಯ ಟೈಲರ್ ಬರುತ್ತಾನೆ, ಅವನ ಹೊಟ್ಟೆಯಲ್ಲಿ ಮಾತು ನಿಂತದ್ದುಂಟಾ, ಬಾಗಿಲಲ್ಲೇ ಅಯ್ಯೋ ತಾಯಿ ಮುಖಾನೂ ನೋಡೋಕಾಗ್ಲಿಲ್ವಲ್ಲಪ್ಪ ಅನ್ನುತ್ತಾನೆ. ಇವತ್ತೇ ಹೇಳಬೇಕು, ಇನ್ನು ಮೂವತ್ತು ನಿಮಿಷದಲ್ಲಿ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

ನಕ್ಕ. ಅರೆ, ನಕ್ಕ. ಹೊಟ್ಟೆ ಕುಲುಕಿತು, ಕತ್ತಿನ ಹತ್ತಿ ಪುಸ್ ಎಂದಿತು, ಪಕ್ಕದ ಯಂತ್ರ ಕೂಡ ಒಂದು ಸಲ ಟುಣ್ ಎಂದು ಎದ್ದುಕೂತಿತು, ಹದಿನೈದನೇ ತಾರೀಖು, ಫುಟ್‌ಬಾಲ್ ಫೈನಲ್, ಫ್ರಾನ್ಸ್ ನಾಲ್ಕು ಕ್ರೊಯೇಷಿಯಾ ಎರಡು, ಬಹುಮಾನ ಕೊಡುವಾಗ ಜೋರು ಮಳೆ, ಮೊದಲಿಗೆ ಒಬ್ಬರ ತಲೆಯ ಮೇಲೆ ಮಾತ್ರ ಕೊಡೆ, ಉಳಿದ ದೊಡ್ಡವರೆಲ್ಲ ತೊಪ್ಪೆ — ಅಮ್ಮ — ಅಷ್ಟು ದೊಡ್ಡ ಆಟ ಆಡ್ಸಿದ್ರು, ಹತ್ತು ಕೊಡೆ ತರ್ಸೋಕಾಗ್ಲಿಲ್ವಾ. ಒಂದು ತಿಂಗಳಲ್ಲಿ ಮೊದಲನೇ ನಗು. ಅಮ್ಮನ ನಿಜವಾದ ಮಾತಿಗೆ ತುಟಿಯ ಕೊನೆ ಎತ್ತಿದವನು ನಾನು ಕಟ್ಟಿದ ಅಮ್ಮನಿಗೆ ಹೊಟ್ಟೆ ಕುಲುಕಿಸಿ ನಗುತ್ತಾನೆ, ಥೂ, ಇದಕ್ಕೂ ಒಂದು ಹೆಮ್ಮೆ ನನಗೆ, ಆಗಿದೆ, ಸ್ವಲ್ಪ ಆಗಿದೆ. ಹದಿನೆಂಟು, ಇಥಿಯೋಪಿಯಾ ಎರಿಟ್ರಿಯಾ ನಡುವೆ ಇಪ್ಪತ್ತು ವರ್ಷದಲ್ಲಿ ಮೊದಲ ವಿಮಾನ, ಜನ ಜಾಸ್ತಿಯಾಗಿ ಒಂದರ ಹಿಂದೆ ಒಂದು ಎರಡು ವಿಮಾನ, ಇಳಿದವರು ನೆಲಕ್ಕೆ ಮುತ್ತಿಟ್ಟರು — ಅಮ್ಮ — ಅವತ್ತು ಕಿಟಕಿ ಸೀಟಿಗೆ ಯಾರೂ ಜಗಳ ಆಡಿರಲ್ಲ ಬಿಡು. ಇದಕ್ಕೆ ನಗಲಿಲ್ಲ. ಇಪ್ಪತ್ತಮೂರು, ಒಂದು ಕಡೆ ಬೆಂಕಿ, ಒಂದು ಕಡೆ ಅಣೆಕಟ್ಟು ಒಡೆದು ಪ್ರವಾಹ, ಒಂದೊಂದೇ ಸಾಲು ಬರೆದು ಮುಂದೆ ಹೋಗಿದ್ದೆ, ಇವನೂ ಮುಂದೆ ಹೋದ. ಬೆರಳು ಈಗ ಮೊದಲಿಗಿಂತ ನಿಧಾನ, ಸುದ್ದಿಯನ್ನು ಬಿಟ್ಟು ಕೆಳಗಿನ ಸಾಲಿಗೇ ಹೋಗುತ್ತಿದೆ, ಬರೀ ಅಮ್ಮನನ್ನು ಓದುತ್ತಿದ್ದಾನೆ.

ಇಪ್ಪತ್ತನಾಲ್ಕರಲ್ಲಿ ಅಮ್ಮ ಇಲ್ಲ. ಅವತ್ತಿನದು ಕಡಲಿನ ಸುದ್ದಿ, ಓರ್ಕಾ ಒಂದು ಮರಿ ಹಾಕಿತು, ಮರಿ ಅರ್ಧ ಗಂಟೆ ಬದುಕಿ ಸತ್ತಿತು, ತಾಯಿ ಅದನ್ನು ಮುಳುಗಲು ಬಿಡದೆ ಮೂತಿಯಿಂದ ಎತ್ತಿ ಎತ್ತಿ ಹೊತ್ತುಕೊಂಡೇ ಈಜುತ್ತಿದೆ, ನಮ್ಮ ಪತ್ರಿಕೆಯವರು ದೊಡ್ಡ ಮೀನು ಎಂದು ಬರೆದುಕೊಟ್ಟಿದ್ದರು, ಮೀನಲ್ಲ, ಡಾಲ್ಫಿನ್ ಕುಲದ್ದು, ತಿದ್ದಿದೆ, ತಿದ್ದುವುದು ನನ್ನ ಕೆಲಸ. ಇವತ್ತಿಗೆ ಹದಿನಾಲ್ಕು ದಿನ, ಇನ್ನೂ ಬಿಟ್ಟಿಲ್ಲವಂತೆ. ಉಳಿದ ಓರ್ಕಾಗಳು ಅದಕ್ಕೆ ಏನನ್ನುತ್ತವೋ, ಸಾಕು ಬಿಡೇ ಅನ್ನುತ್ತವೋ, ಇಲ್ಲ ನಮ್ಮ ನರ್ಸಿನ ಹಾಗೆ ನಾಳೆ ಏನಾಗುತ್ತೋ ಎಂದು ಕಾಯುತ್ತವೋ. ಅಮ್ಮ, ನಿನ್ನನ್ನು ಹೊತ್ತುಕೊಂಡು ಎಷ್ಟು ದೂರ ಬಂದೆ ನೋಡು, ಕೈ ನೋಯುತ್ತಿದೆ, ನಾನು ಅತ್ತಿಲ್ಲ ಗೊತ್ತಾ, ಬರೆಯುವುದರಲ್ಲೇ ಇದ್ದೆ, ಅಳುವುದಕ್ಕೆ ಪುರುಸೊತ್ತಾಗಲಿಲ್ಲ. ಇಪ್ಪತ್ತೈದು, ಮಂಗಳ ಗ್ರಹದ ಹಿಮದ ಕೆಳಗೆ ಒಂದೂವರೆ ಕಿಲೋಮೀಟರ್ ಆಳದಲ್ಲಿ ನೀರಿನ ಸರೋವರ ಇರಬಹುದು — ಅಮ್ಮ — ಅಲ್ಲಿ ನಲ್ಲಿ ಹಾಕೋಕೆ ನಮ್ಮೋನನ್ನ ಕರೀತಾರೆ ನೋಡ್ತಿರು, ಹೋಗ್ಬರ್ಲಿ, ಜೋಪಾನ ಅಂತ ಹೇಳು. ಇಪ್ಪತ್ತೇಳು ನರ್ಸಿನ ಅಕ್ಷರ, ಇವತ್ತು ಶತಮಾನದ ದೊಡ್ಡ ಗ್ರಹಣ, ಚಂದ್ರ ಕೆಂಪಗಿದ್ದ, ನಿಮ್ಮ ಮಂಚವನ್ನು ಕಿಟಕಿಯ ಕಡೆ ತಿರುಗಿಸಿದೆವು, ನೀವು ನೋಡಲಿಲ್ಲ, ನಿಮ್ಮ ಪರವಾಗಿ ನಾವೇ ನೋಡಿದೆವು. ಗಡಿಯಾರದಲ್ಲಿ ನಾಲ್ಕು ಮೂವತ್ತಾರು. ಬೆರಳು ನಿಂತಿತು.

ನಿಂತಿತು, ಆಮೇಲೆ ಹಿಂದಕ್ಕೆ ಹೊರಟಿತು. ಪುಟ ಹಿಂದೆ ತಿರುವುತ್ತಿದ್ದಾನೆ, ಇಪ್ಪತ್ತೈದು, ಹದಿನೆಂಟು, ಹದಿನೈದು, ಹನ್ನೊಂದು, ಏನು ಹುಡುಕುತ್ತಿದ್ದಾನೆ, ಒಂಬತ್ತಕ್ಕೆ ಹೋದ, ಮುದೇವಿಯ ಮೇಲೆ ಬೆರಳು, ಮತ್ತೆ ಮುಂದೆ, ಹತ್ತು, ಹನ್ನೊಂದು, ಕರಡು ತಿದ್ದುವಾಗ ನಾನು ಹೀಗೇ ಹೋಗುತ್ತೇನೆ, ಮುಂದೆ ಹಿಂದೆ, ಏನೋ ತಪ್ಪಿದೆ ಆದರೆ ಎಲ್ಲಿದೆ, ಇವನಿಗೆ ಕಲಿಸಿದ್ದೇ ನಾನು. ತಲೆ ಎತ್ತಿ ನನ್ನನ್ನು ನೋಡಿದ. ಬೆರಳು ಪುಟ ಬಿಟ್ಟು ಮೇಲೆ ಬಂದು ಕತ್ತಿನ ಹತ್ತಿಯ ಮೇಲೆ ಕೂತಿತು, ಒಣಗಿದ ಎಲೆಯನ್ನು ಎಳೆದ ಹಾಗೆ ದನಿ, ಅಕ್ಕ. ಹೂಂ ಕಣೋ. ಹತ್ತರಿಂದ — ಉಸಿರು — ಹತ್ತನೇ ತಾರೀಖಿಂದ ಅಮ್ಮ ನಂಗೆ ಬೈದೇ ಇಲ್ಲ.

ಬೈದೇ ಇಲ್ಲ. ಇಪ್ಪತ್ತು ದಿನ, ಇಪ್ಪತ್ತು ಪುಟ, ಎಷ್ಟು ಸಲ ಓದಿದ್ದೇನೆ, ಅಲ್ಪವಿರಾಮದವರೆಗೆ ನೋಡಿದ್ದೇನೆ, ಇದು ಕಾಣಲಿಲ್ಲವಲ್ಲ ನನಗೆ, ತಪ್ಪಕ್ಕನಿಗೆ, ಅಮ್ಮನ ತಮಾಷೆಯೆಲ್ಲ ನನ್ನ ಕೈಗೆ ಬಂತು, ಬೈಗುಳ ಬರಲಿಲ್ಲ, ನಾಲಗೆಯ ಮೇಲಿತ್ತು, ಕತ್ತೆ ಮುದೇವಿ ಎಲ್ಲ ಇತ್ತು, ಯಂತ್ರದಲ್ಲಿ ಉಸಿರಾಡುತ್ತಿದ್ದವನಿಗೆ ಏಳೋ ಸೋಂಬೇರಿ ಎಂದು ಬರೆಯಲು ಅಮ್ಮನ ಎದೆ ಬೇಕು, ನನಗೆಲ್ಲಿ ಬರಬೇಕು ಅದು. ಜೋಪಾನ ಅಂತ ಹೇಳು ಎಂದು ಬರೆದಿದ್ದೇನೆ, ಇವನು ಹುಟ್ಟಿದಾಗಿನಿಂದ ಅಮ್ಮ ಇವನಿಗೆ ಜೋಪಾನ ಅಂದವಳಲ್ಲ. ಅಮ್ಮ ಬೈಯುತ್ತಿಲ್ಲವೆಂದರೆ ಅಮ್ಮ ಇಲ್ಲವೆಂದೇ ಅಲ್ಲವಾ, ಮಗುವಿಗೂ ಗೊತ್ತಾಗುತ್ತದೆ. ನೋಡುತ್ತಲೇ ಇದ್ದಾನೆ, ಕೇಳುತ್ತಿಲ್ಲ, ಹೇಳುತ್ತೀಯಾ ಎಂದು ಕಾಯುತ್ತಿದ್ದಾನೆ, ನನ್ನ ಬಾಯಿ ತಾನಾಗಿ ತೆರೆಯಿತು, ಹತ್ತನೇ ತಾರೀಖು ಬೆಳಿಗ್ಗೆ ಕಣೋ, ಟೀ ಕುಡೀತಾ ಇದ್ಲು, ನೋವು ಏನೂ ಇಲ್ಲ, ನಾನು ಸ್ನಾನಕ್ಕೆ ಹೋಗಿ ಬರೋಷ್ಟರಲ್ಲಿ — ಅಷ್ಟೆ. ಸುಳ್ಳು ಬರ್ದೆ. ತಪ್ಪಾಯ್ತು. ಅವನ ಕಣ್ಣು ಮುಚ್ಚಿತು. ನೀರು ಬಂತು, ಕಿವಿಯ ಕಡೆಗೆ ಇಳಿಯಿತು, ಅಳುವುದಕ್ಕೂ ಉಸಿರು ಬೇಕು, ಹೊಟ್ಟೆ ಏಳುತ್ತದೆ ಬೀಳುತ್ತದೆ, ದನಿಯಿಲ್ಲ, ನಾನು ಅವನ ಕಣ್ಣೊರೆಸಲು ಹೋಗಿ ನನ್ನದೇ ಒರೆಸಿಕೊಳ್ಳುತ್ತಿದ್ದೇನೆ, ಇಪ್ಪತ್ತೇಳು ದಿನದ್ದು ಈಗ ಬರುತ್ತಿದೆ, ಪರದೆಯಾಚೆ ನರ್ಸು ಇಣುಕಿ ನೋಡಿ ಹಿಂದೆ ಸರಿದಳು. ಕತ್ತಿನ ಮೇಲೆ ಬೆರಳು ಮತ್ತೆ ಬಂತು, ಅವತ್ತು — ಉಸಿರು — ಅವತ್ತು ಏನಂತ ಬೈದ್ಲು.

ಇದನ್ನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಯಾರಿಗೂ ಹೇಳಿಲ್ಲ, ಚೀಟಿಯಲ್ಲಿ ಬರೆದುಕೊಂಡಿಲ್ಲ, ಸ್ನಾನದಿಂದ ಬಂದು ಬರೆದುಕೊಂಡರಾಯಿತು ಎಂದಿದ್ದೆ. ಟೀವಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು, ಬಲಗೈಯಲ್ಲಿ ಟೀ ಲೋಟ, ಎಡಗೈಯನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದಳು, ಐದೂ ಬೆರಳು ಬಿಡಿಸಿ, ಎಂಟು ಬಂದ್ವು ಕಣೆ, ಇನ್ನು ಇಷ್ಟೇ, ಒಂದೊಂದು ಬಂದ ಹಾಗೆ ಒಂದೊಂದು ಮಡಿಸ್ತೀನಿ, ಬಿಡಿಸಿದ ಕೈ, ಹೊಲಿದು ಹೊಲಿದು ಸೂಜಿ ಚುಚ್ಚಿದ ಗುರುತುಗಳೆಲ್ಲ ಕಾಣುವ ಅಂಗೈ, ನಾನು ಆಯ್ತಮ್ಮ ಟೀ ಆರುತ್ತೆ ಎಂದು ಒಳಗೆ ಹೋದೆ, ಬಂದಾಗ ಲೋಟ ಕಿಟಕಿಯ ಮೇಲಿತ್ತು, ತಲೆ ಕುರ್ಚಿಗೆ ಒರಗಿತ್ತು, ಆ ಕೈ ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿತ್ತು, ಐದು ಬೆರಳೂ ಬಿಡಿಸಿದಂತೆಯೇ ಇದ್ದವು. ಒಂದೂ ಮಡಿಸಿರಲಿಲ್ಲ. ಸಂಜೆ ಮನೆ ತುಂಬ ಜನ ಕೂತಿದ್ದಾಗ ಟೈಲರನ ಮನೆಯ ಟೀವಿಯಲ್ಲಿ ಹದಿಮೂರೂ ಹೊರಗೆ ಎಂದು ಕೂಗಿದರು, ಯಾರೋ ಎದ್ದು ಹೋಗಿ ಅದನ್ನು ಆರಿಸಿ ಎಂದು ಹೇಳಿ ಬಂದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಬೈದಿದ್ದಾ, ಹೇಳ್ತೀನಿ ಕೇಳು — ನನ್ನ ಎಡಗೈ ಅವನ ಮುಖದ ಮುಂದೆ ಎದ್ದಿದೆ, ಬೆರಳು ಬಿಡಿಸಿಕೊಂಡಿದೆ, ದನಿ ನನ್ನದಲ್ಲ — ಇನ್ನು ಐದೇ ಐದು, ಅವೂ ಬಂದ್ಬಿಡ್ತವೆ, ಆಮೇಲೆ ಒಳಗೆ ಉಳಿಯೋನು ನೀನೊಬ್ನೇ, ಅಷ್ಟಷ್ಟು ಮಕ್ಕಳು ನೀರು ದಾಟಿ ಬಂದ್ವು, ನಿಂಗೆ ನಾಚಿಕೆ ಆಗಲ್ವೇನೋ ಕತ್ತೆ, ನಾನು ಎಷ್ಟೂಂತ ಕಾಯ್ಲಿ, ಏಳೋ.

ಹೇಳಿದೆ. ಕೈ ಹಾಗೇ ಗಾಳಿಯಲ್ಲಿದೆ, ಇಳಿಸುವುದು ಮರೆತಿದೆ. ಅವನು ಅದನ್ನೇ ನೋಡುತ್ತಿದ್ದಾನೆ, ಮಡಿಲಿನ ಪುಸ್ತಕ ಜಾರಿ ಹಾಸಿಗೆಯ ಮೇಲೆ ಬಿತ್ತು, ಎತ್ತಲಿಲ್ಲ, ಆ ಬೆಳ್ಳಗಿನ ಬೆರಳು ಮೆಲ್ಲಗೆ ನನ್ನ ಕೈಯ ಹತ್ತಿರ ಬಂತು, ಕಿರುಬೆರಳನ್ನು ಹಿಡಿಯಿತು, ಬಲವಿಲ್ಲ, ಬಗ್ಗಿಸುತ್ತಿದೆ, ಏನು ಮಾಡ್ತಿದ್ದೀಯೋ — ಬಗ್ಗಿತು, ಅಂಗೈಗೆ ಮುಟ್ಟಿತು. ಒಂದು. ಬಾಯಿ ಮಾತ್ರ ಆಡಿತು, ದನಿಯಿಲ್ಲ. ಉಸಿರು. ಉಂಗುರದ ಬೆರಳು, ಎರಡು. ನಾನು ಸಹಾಯ ಮಾಡುತ್ತಿಲ್ಲ, ಬೆರಳನ್ನು ಅಮ್ಮನ ಬೆರಳಿನ ಹಾಗೆ ಬಿಟ್ಟಿದ್ದೇನೆ, ಅವನೇ ಮಡಿಸಲಿ, ಉಸಿರು, ಮೂರು. ಬರುತ್ತಿದ್ದಾರೆ ನೋಡಮ್ಮ. ತೋರುಬೆರಳು ಅರ್ಧ ಬಗ್ಗಿ ಮತ್ತೆ ಎದ್ದಿತು, ಮತ್ತೆ ಒತ್ತಿದ, ಹಣೆಯಲ್ಲಿ ಬೆವರು, ನಾಲ್ಕು, ನಾಲ್ವರು ಮಕ್ಕಳೂ ಬಂದರು, ಮಾಸ್ಟರೊಬ್ಬ ಉಳಿದ. ಹೆಬ್ಬೆರಳು. ಅವನ ಬೆರಳು ಅದರ ಮೇಲಿದೆ, ಒತ್ತುತ್ತಿಲ್ಲ, ಹಿಡಿದುಕೊಂಡಿದ್ದಾನೆ, ಪರದೆ ಸರಿದ ಸದ್ದು, ಮೇಡಂ ಐದಾಯ್ತು, ಹೆಬ್ಬೆರಳು ಇನ್ನೂ ನೆಟ್ಟಗಿದೆ, ನಾಲ್ಕು ಮಡಿಸಿದ್ದು, ಒಂದು ನೆಟ್ಟಗೆ, ಅವನು ಬಿಡುತ್ತಿಲ್ಲ, ಮಡಿಸುತ್ತಲೂ ಇಲ್ಲ, ಹೆಬ್ಬೆರಳು